ರಾತ್ರಿಯಿಂದಲೇ ಶುರುವಾಗುತ್ತಿದ್ದ ಆಟ

2022ರ ಫೆಬ್ರವರಿ. ಮುಂಬೈಯ ಸಯನ್‌ನ ಒಂದು ಸಂಶೋಧನಾ ಸಂಸ್ಥೆಯ ದಾಖಲೆ ವಿಭಾಗದಲ್ಲಿ ನನ್ನ ನಿವೃತ್ತಿಗೆ ಇನ್ನು ಮೂರು ತಿಂಗಳು ಉಳಿದಿದ್ದವು. (ತಿಂಗಳನ್ನು ನನ್ನ ದಿನಚರಿ ಮತ್ತು ಕಚೇರಿಯ ಟಿಪ್ಪಣಿ ಎರಡರೊಂದಿಗೂ ತಾಳೆ ನೋಡಿದ್ದೇನೆ.) ಹಳೆಯ ಜಾಹೀರಾತು, ರೇಡಿಯೊ, ಆಟಿಕೆಗಳ ಕಾಲವನ್ನು ನಿರ್ಧರಿಸುವುದು ನನ್ನ ಕೆಲಸ. ಮುಂಬೈ ಮನೆಗಳ ಮನರಂಜನಾ ಸಾಧನಗಳ ಬಗ್ಗೆ ಸಂಸ್ಥೆ ಒಂದು ಪ್ರದರ್ಶನವನ್ನು ಏರ್ಪಡಿಸಿತ್ತು. ಅದರ ಒಂದು ಗೋಡೆಯನ್ನು ವಿಡಿಯೊ ಗೇಮ್ ಅಭಿಮಾನಿಗಳ ಗುಂಪಿಗೆ ಬಿಟ್ಟುಕೊಡಲಾಗಿತ್ತು. ಅವರು ಮತ ಹಾಕಿ ಸಾರ್ವಕಾಲಿಕ ಶ್ರೇಷ್ಠ ಐವತ್ತು ಆಟಗಳ ಪಟ್ಟಿ ಮಾಡಬೇಕು. ಪ್ರತಿ ಆಟದ ನಿಜವಾದ ಹೆಸರು ಮತ್ತು ಬಿಡುಗಡೆಯ ವರ್ಷವನ್ನು ಪರಿಶೀಲಿಸಿ ನಾನು ಸಹಿ ಹಾಕಬೇಕು.

ಜೀವನದಲ್ಲಿ ಒಂದು ಗೇಮನ್ನೂ ಆಡದ ನನಗೆ ಇದು ಹಗುರವಾದ ಕೆಲಸವೆನಿಸಿತ್ತು. ಒಂದೇ ಆಟ ಜಪಾನಿನಲ್ಲಿ ಒಂದು ವರ್ಷ, ಅಮೆರಿಕದಲ್ಲಿ ಮತ್ತೊಂದು ವರ್ಷ ಬಿಡುಗಡೆಯಾಗಿರುತ್ತದೆ ಎಂಬುದು ತಿಳಿದ ಮೇಲೆ ಆ ಭ್ರಮೆ ಹೋಯಿತು. ಮೊದಲ ಸ್ಥಾನಕ್ಕೆ ಎರಡು ಆಟಗಳಿಗೆ ಸಮ ಮತಗಳು ಬಿದ್ದು ಗುಂಪು ಇಬ್ಭಾಗವಾಗಿತ್ತು. ಆ ಆಟಗಳ ಹೆಸರನ್ನು ಬೇಕೆಂದೇ ಇಲ್ಲಿ ಬರೆಯುತ್ತಿಲ್ಲ. ಬರೆದರೆ ವಾದ ಮತ್ತೆ ಆರಂಭವಾಗುತ್ತದೆ.

ಇತ್ಯರ್ಥವಾಗದೆ ಉಳಿದಿದ್ದು ಒಂದೇ ಮತಪತ್ರ. ಅದನ್ನು ಕೊಟ್ಟವರು ಗುರುರಾಜ. ವಿಜಯಪುರದ ಕಡೆಯ ಕುಟುಂಬದವರು, ಅಂಧೇರಿಯ ಕೊರಿಯರ್ ಕಚೇರಿಯೊಂದರಲ್ಲಿ ಗುಮಾಸ್ತರು, ವಯಸ್ಸು ನಲವತ್ತೈದರ ಆಸುಪಾಸು. ಅವರು ಬರೆದದ್ದು ಒಂದೇ ಹೆಸರು: 'ನೈಟ್ ಬ್ರಿಜ್'. ಪರಿಶೀಲನೆಯಲ್ಲಿ ಸಿಗದ ಆಟದ ಮತ ರದ್ದು ಎಂಬುದು ಗುಂಪಿನ ನಿಯಮ.

"ಅಂಕಲ್, ಇಂಥ ಗೇಮೇ ಇಲ್ಲ. ನೆಟ್‌ನಲ್ಲಿ ಎಲ್ಲ ಕಡೆ ಸರ್ಚ್ ಮಾಡಿದೆ," ಎಂದ ಗುಂಪಿನ ಅಡ್ಮಿನ್ ರೋಹನ್. ಕರಾವಳಿ ಮೂಲದ, ಮುಲುಂಡ್‌ನಲ್ಲೇ ಬೆಳೆದ ಇಪ್ಪತ್ತೇಳರ ತರುಣ.

"ನೀ ಹುಟ್ಟೋಕಿಂತ ಮೊದ್ಲ ಆಡೇವಿ ನಾವು. ಇಲ್ಲ ಅಂದ್ರ ಹೆಂಗೋ?"

"ಡುಪ್ಲಿಕೇಟ್ ಮಾಲ್ ಇರ್ಬೇಕು, ಯಾರ್."

"ಮಾಲು ಯಾವುದರ ಇರ್ಲಿ. ನೋಡಿದ ಕಣ್ಣು ನಂದು ಅಲ್ಲೇನು?"

ರಾತ್ರಿ, ಚಂದ್ರ, ಮರದ ಸೇತುವೆ ಎಂದು ಅವರು ವರ್ಣಿಸಿದರು. ಅಂಥ ಆಟಗಳು ಹತ್ತಾರಿವೆ ಎಂದು ಗುಂಪು ನಕ್ಕಿತು. ಆಗ ಅವರು ನನ್ನ ಕಡೆ ತಿರುಗಿದರು: "ಸರ್, ನೀವರ ಹುಡುಕ್ರಿ. ಅಕ್ಕ ಇದ್ದಿದ್ರ ಅಕಿನ್ನ ಕರಕೊಂಡು ಬರ್ತಿದ್ದೆ. ಹೋದ ವರ್ಷ ತೀರಿಕೊಂಡ್ಲು. ಆ ಆಟ ನೋಡಿದಾವ ಈಗ ನಾನೊಬ್ಬನ ಉಳದೀನಿ."

ಮುಂದಿನ ಶನಿವಾರ ಅವರು ಕರ್ಚೀಫಿನಲ್ಲಿ ಸುತ್ತಿ ಹಳದಿ ಕಾರ್ಟ್ರಿಜ್ ಒಂದನ್ನು ತಂದರು. ಕಾರ್ಟ್ರಿಜ್ ಎಂದರೆ ಆಟಗಳನ್ನು ತುಂಬಿದ, ಗೇಮ್ ಯಂತ್ರಕ್ಕೆ ಸಿಕ್ಕಿಸುವ ಪ್ಲಾಸ್ಟಿಕ್ ಪೆಟ್ಟಿಗೆ. ಇದರ ಮೇಲೆ '64 ಇನ್ 1' ಎಂದಿತ್ತು. ತಯಾರಕರ ಹೆಸರಿಲ್ಲ, ವರ್ಷವಿಲ್ಲ. ಕಿಲುಬು ಹಿಡಿದ ಲೋಹದ ಅಂಚನ್ನು ನಮ್ಮ ತಂತ್ರಜ್ಞರು ಸ್ಪಿರಿಟ್‌ನಿಂದ ಒರೆಸಿದ ಮೇಲೆ ಟಿವಿ ಪರದೆಯಲ್ಲಿ ಆಟಗಳ ಮೆನು ತೆರೆದುಕೊಂಡಿತು. ಮೂವತ್ತೇಳನೆಯ ಸಾಲಿನಲ್ಲಿ ನಿಜಕ್ಕೂ 'ನೈಟ್ ಬ್ರಿಜ್' ಇತ್ತು.

ಎರಡು ವಾರ ಅದರ ಬೆನ್ನು ಹತ್ತಿದೆ. ಗುಟ್ಟು ಇದ್ದದ್ದು ಆಟಗಳನ್ನು ನಕಲು ಮಾಡುವವರ ಜಾಣತನದಲ್ಲಿ. ಅರವತ್ತನಾಲ್ಕು ಎಂದು ಹೇಳಿಕೊಂಡರೂ ಒಳಗಿದ್ದದ್ದು ಒಂಬತ್ತೇ ಆಟಗಳು. ಲೆಕ್ಕ ತುಂಬಿಸಲು ಒಂದೇ ಆಟವನ್ನು ಬೇರೆ ಬೇರೆ ಹಂತಗಳಿಂದ ಆರಂಭವಾಗುವಂತೆ ಮಾಡಿ, ಹೊಸ ಹೊಸ ಹೆಸರು ಕೊಟ್ಟಿದ್ದರು. 'ನೈಟ್ ಬ್ರಿಜ್' ಎಂಬುದು ಮೊದಲ ಸ್ಥಾನಕ್ಕೆ ಸೆಣಸುತ್ತಿದ್ದ ಎರಡು ಆಟಗಳಲ್ಲಿ ಒಂದರ ನಾಲ್ಕನೆಯ ಹಂತ. ಅದರ ಮೊದಲ ಹಂತಕ್ಕೆ ಹೋಗುವ ಸಾಲು ಆ ಮೆನುವಿನಲ್ಲಿ ಇರಲೇ ಇಲ್ಲ. ಸೇತುವೆಯ ಹಲಗೆಗಳನ್ನು, ಚಂದ್ರನ ಸ್ಥಾನವನ್ನು ಮೂಲ ಆಟದೊಂದಿಗೆ ಒಂದೊಂದಾಗಿ ಹೋಲಿಸಿದೆ. ಸಂಶಯಕ್ಕೆ ಎಡೆಯಿರಲಿಲ್ಲ.

ರೋಹನ್ ಕುಣಿದಾಡಿದ. "ಅಂಕಲ್, ನಿಮ್ಮ ಗೇಮೇ ನಂಬರ್ ಒನ್! ನಿಮ್ಮ ಒಂದೇ ವೋಟ್‌ನಿಂದ ಟೈ ಖತಂ!"

ಗುರುರಾಜರ ಮುಖದಲ್ಲಿ ಸಂತೋಷ ಕಾಣಲಿಲ್ಲ. ಮೂಲ ಆಟವನ್ನು ಮೊದಲಿನಿಂದ ತೋರಿಸಿ ಎಂದರು. ಪ್ರದರ್ಶನದ ಹಳೆಯ ಟಿವಿಯಲ್ಲಿ ಹಸಿರು ಬಯಲು, ನೆತ್ತಿಯ ಮೇಲಿನ ಸೂರ್ಯ, ಹೆಂಚಿನ ಮನೆಗಳು ಮೂಡಿದವು; ಅವುಗಳ ನಡುವೆ ಆಟದ ಪುಟ್ಟ ಮನುಷ್ಯ ನಿಂತಿದ್ದ.

"ಹಗಲು ಐತೇನ್ರಿ ಇದ್ರಾಗ?" ಎಂದವರು ಪರದೆಯ ಹತ್ತಿರಕ್ಕೆ ಬಾಗಿದರು. "ನಾವು ಯಾವಾಗ್ಲೂ ರಾತ್ರಿಯಿಂದನ ಶುರು ಮಾಡ್ತಿದ್ವಿ. ಈ ಮನಷ್ಯಾಗ ಒಂದು ಊರು ಐತಿ ಅಂತ ಅಕ್ಕಗ ಗೊತ್ತಾಗ್ಲೇ ಇಲ್ಲ."

ರೋಹನ್ ಆಟವನ್ನು ನಾಲ್ಕನೆಯ ಹಂತಕ್ಕೆ ಒಯ್ದು ಕಂಟ್ರೋಲರ್ ಕೊಟ್ಟ. ಗುರುರಾಜ ಅದನ್ನು ನಮ್ಮಿಬ್ಬರ ನಡುವೆ ಇಟ್ಟುಕೊಂಡು, ಎಡಭಾಗದ ಮೇಲಷ್ಟೇ ಬೆರಳಿಟ್ಟರು.

"ನಮ್ಮನ್ಯಾಗ ಒಂದ ಕಂಟ್ರೋಲರ್ ನಡೀತಿತ್ತು. ಓಡಸೋದು ನಂದು, ಹಾರಸೋದು ಅಕ್ಕಂದು. ಬಲಕ್ಕಿನ ಗುಂಡಿ ನೀವು ಒತ್ರಿ ಸರ್."

ಒತ್ತಿದೆ. ಸೇತುವೆಯ ಮೊದಲ ಬಿರುಕಿನಲ್ಲೇ ಬಿದ್ದೆವು. ಮತ್ತೆ ಬಿದ್ದೆವು. ಮೂರನೆಯ ಸಲ ಅವರ ಕೈಯನ್ನೇ ಗಮನಿಸಿ ಒತ್ತಿದರೂ ತಡವಾಗಿತ್ತು.

"ಅಕಿ ಕೈ ನೋಡ್ತಿದ್ದಿಲ್ರಿ," ಎಂದರು, ಬೇಸರವಿಲ್ಲದೆ. "ನನ್ನ ಉಸಿರು ಕೇಳಿ ಹಾರಸ್ತಿದ್ಲು."

ರೋಹನ್ ಆಟ ನಿಲ್ಲಿಸಿ ಮೆಲ್ಲಗೆ ಕೇಳಿದ: "ವೋಟ್ ಇದಕ್ಕೇ ಹಾಕ್ಲಾ ಅಂಕಲ್?"

"ಬ್ಯಾಡಪಾ. ಇದು ನಿಮ್ಮ ಆಟ, ಭಾಳ ಛಲೋ ಐತಿ. ನಮ್ಮದು ಬ್ಯಾರೆ."

ಎರಡೂ ಒಂದೇ ಎಂದು ನನ್ನ ವರದಿ ಹೇಳುತ್ತದೆ; ಅದರ ಒಂದು ಅಕ್ಷರವನ್ನೂ ನಾನು ಬದಲಿಸಲಾರೆ. ಗುರುರಾಜ ಅದನ್ನು ಓದಿ, ತಕರಾರು ಮಾಡದೆ ಸಹಿ ಹಾಕಿ, ಮತವನ್ನು ಹಿಂಪಡೆದರು. ಗೋಡೆಯ ಮೇಲೆ ಮೊದಲ ಸ್ಥಾನದಲ್ಲಿ ಎರಡು ಆಟಗಳು ಉಳಿದವು.

ಕಾರ್ಟ್ರಿಜ್‌ನ ಚಿತ್ರ ತೆಗೆದುಕೊಂಡು ಅದನ್ನು ಹಿಂದಿರುಗಿಸುವಾಗ ನಮ್ಮ ದಾಖಲೆ ನಮೂನೆಯ ಕೊನೆಯ ಪ್ರಶ್ನೆಯನ್ನು ಕೇಳಿದೆ: ಇದು ಮನೆಗೆ ಬಂದ ವರ್ಷ ಯಾವುದು?

"ಅಕ್ಕ ಸಾಲ್ಯಾಗ ಹತ್ತನೇ ಇಯತ್ತೆ ಇದ್ಲು... ಅಲ್ಲ, ಮುಗಿಸಿದ್ಲೇನೋ. ಅಪ್ಪ ತಂದಿದ್ದೋ, ಮಾಮಾ ತಂದಿದ್ದೋ..." ಅವರು ಕರ್ಚೀಫಿನ ಗಂಟು ಬಿಗಿದರು. "ಅಕ್ಕಗ ಬರೋಬ್ಬರಿ ನೆನಪಿತ್ರಿ."

ಆ ಜಾಗವನ್ನು ಖಾಲಿ ಬಿಟ್ಟೆ. ವಸ್ತು ತಯಾರಾದ ವರ್ಷ ಎಂದಾದರೊಂದು ದಿನ ಯಾವುದಾದರೂ ಕಾಗದದಲ್ಲಿ ಸಿಕ್ಕೀತು. ಅದು ಮನೆಗೆ ಬಂದ ದಿನವನ್ನು ಬಲ್ಲವರನ್ನು ಅವರು ಇರುವಾಗಲೇ ಕೇಳಬೇಕು. ಮೂವತ್ತೊಂದು ವರ್ಷ ಯಾರು ಏನು ತಂದರೂ ಮೊದಲು ವಸ್ತುವನ್ನು ತಿರುಗಿಸಿ ನೋಡುತ್ತಿದ್ದೆ. ಸೇವೆಯಲ್ಲಿ ಉಳಿದಿದ್ದ ಕೆಲವು ವಾರ, ತಂದವರಿಗೆ ಕುರ್ಚಿ ಹಾಕಿ, ಅವರೊಂದಿಗೆ ಮಾತಿಗೆ ಕುಳಿತೆ.