ಅತ್ತೆಯ ಜಗಲಿಯಲ್ಲಿ ನನ್ನ ಆ್ಯಪ್

ಚನ್ನರಾಯಪಟ್ಟಣದ ಮಾರುಕಟ್ಟೆಯ ತೆಂಗಿನಕಾಯಿ ದರ ತಿಳಿಸುವ ಆ್ಯಪ್ ಮಾಡಿ, ಉಚಿತವಾಗಿ ಬಿಟ್ಟು, ಜಾಹೀರಾತನ್ನೂ ಕೊಟ್ಟಿದ್ದೆ. ಆದರೂ ದಂಡಿಗನಹಳ್ಳಿಯಲ್ಲಿ ಅದನ್ನು ಹಾಕಿಕೊಂಡವರು ನನ್ನ ಸೋದರತ್ತೆ ಒಬ್ಬರೇ.

ಒಮ್ಮೆ ಅವರ ಮನೆಗೆ ಹೋದಾಗ ಬೆಳಿಗ್ಗೆಯೇ ಜಗಲಿ ತುಂಬ ಜನ. ಅತ್ತೆ ಮೊಬೈಲ್ ನೋಡಿ ಅಂದಿನ ದರವನ್ನು ಗಟ್ಟಿಯಾಗಿ ಓದುತ್ತಿದ್ದರು.

"ನಿಮ್ಮ ಮೊಬೈಲಿಗೂ ಹಾಕಿಕೊಡ್ತೀನಿ, ದುಡ್ಡೇನೂ ಇಲ್ಲ" ಎಂದೆ ಉತ್ಸಾಹದಿಂದ.

ಪಕ್ಕದ ಮನೆಯ ಹಿರಿಯರು ನಕ್ಕರು. "ಬ್ಯಾಡ ಕಣಪ್ಪ. ಅದ್ರಲ್ಲಿ ಬರೀ ರೇಟು ಬತ್ತದೆ. ಇಲ್ಲಿ ನಿಮ್ಮತ್ತೆ ಕಾಪೀನೂ ಕೊಡ್ತಾರೆ."

ಅತ್ತೆ ಹೆಮ್ಮೆಯಿಂದ, "ಊರ್ಗೆಲ್ಲ ನಿನ್ ಆ್ಯಪೇ ಕಣ್ಲಾ" ಎಂದರು.

ಹಾಸನಕ್ಕೆ ಮರಳಿದವನೇ ಜಾಹೀರಾತು ನಿಲ್ಲಿಸಿದೆ. ಈಗ ಆ ದುಡ್ಡಿನಲ್ಲಿ ಪ್ರತಿ ತಿಂಗಳೂ ಅತ್ತೆಗೆ ಕಾಫಿಪುಡಿ ಕಳಿಸುತ್ತೇನೆ.