ಸೀಸದ ಮುದ್ರೆಯ ಕಾರು

ನನಗೆ ಮೊಹರು, ಮುದ್ರೆಗಳ ಮೇಲೆ ಸ್ವಲ್ಪ ಹೆಚ್ಚೇ ಭಕ್ತಿ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕೆ.ಆರ್.ಎಸ್.ನಲ್ಲಿ ನೀರಾವರಿ ಇಲಾಖೆಯ ಗುಮಾಸ್ತನಾಗಿದ್ದವನು ನಾನು. ದುಂಡು ಮೊಹರು ಬಿದ್ದ ಕಾಗದವೆಲ್ಲ ನಿಜ, ಬೀಳದ್ದು ಬರೀ ಮಾತು ಎಂದು ನಂಬಿಯೇ ಅಷ್ಟು ವರ್ಷ ಸಂಬಳ ತೆಗೆದುಕೊಂಡೆ. ಪಕ್ಕದ ಮನೆಯವರು ಮಗ ಪಾಸಾದ ಎಂದು ಸಕ್ಕರೆ ಕೊಡಲು ಬಂದರೆ, ಬಾಯಿ ಸಿಹಿ ಮಾಡಿಕೊಳ್ಳುವ ಮೊದಲು ಅಂಕಪಟ್ಟಿ ನೋಡಬೇಕೆನಿಸುತ್ತಿತ್ತು. ಇಂಥವನು ತೊಂಬತ್ತರ ದಶಕದ ನಡುವೆ ಒಂದು ಹಳೆಯ ಕಾರು ಕೊಂಡ.

ಕಾರಿಗೆ ಆಗಲೇ ಹದಿನೆಂಟು ವರ್ಷ. ಪಾಂಡವಪುರದ ಡಾಕ್ಟರೊಬ್ಬರು ತೀರಾ ಅಕ್ಕರೆಯಿಂದ ಇಟ್ಟುಕೊಂಡಿದ್ದ ಗಾಡಿ. ಆದರೂ ನನಗೆ ಹೆದರಿಕೆ. ಹಳೆಯ ಕಾರು ಕೊಂಡವನ ಕಿವಿ ಬಾಣಂತಿಯ ಕಿವಿಗಿಂತ ಚುರುಕಾಗಿರುತ್ತದೆ. ಕಟಕಟ ಅಂದರೂ ಭಯ, ಏನೂ ಅನ್ನದೆ ಸುಮ್ಮನಿದ್ದರೆ ಇನ್ನೂ ಭಯ. ಈ ಭಯಕ್ಕೆ ಮೈಸೂರಿನ ಗ್ಯಾರೇಜಿನವನೊಬ್ಬ ಮದ್ದು ಮಾರುತ್ತಿದ್ದ: ಹಳೆಯ ಕಾರಿಗೆ ಒಂದು ವರ್ಷದ ಗ್ಯಾರಂಟಿ ಕಾರ್ಡು. ಕೆ.ಆರ್. ಪೇಟೆಯ ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ, ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ತೆಗೆದುಕೊಂಡೇ ಬಿಟ್ಟೆ.

ಗ್ಯಾರೇಜಿನವನು ಕಾರ್ಬೊರೇಟರು, ಪಂಪು ಎಲ್ಲಕ್ಕೂ ಸೇರಿಸಿ ಒಂದು ತಂತಿ ಸುತ್ತಿ, ಕರೆಂಟ್ ಮೀಟರಿಗೆ ಹಾಕುತ್ತಾರಲ್ಲ, ಅಂಥ ಸೀಸದ ಮುದ್ರೆ ಒತ್ತಿದ. ಆ ಮುದ್ರೆ ನೋಡಿದ ಮೇಲೆ ನನಗೆ ರಾತ್ರಿ ನಿದ್ದೆ ಬರತೊಡಗಿತು. ಊರಿಗೆ ತಂದು ಚಕ್ರದಡಿ ನಿಂಬೆಹಣ್ಣಿಟ್ಟು ಪೂಜೆ ಮಾಡಿದೆವು. ಕಾರ್ಡನ್ನೂ ತಟ್ಟೆಯಲ್ಲಿಟ್ಟು, ಅರಿಶಿನ ಕುಂಕುಮ ಹಚ್ಚಿ, ಕಾರಿನ ಡಬ್ಬಿಯೊಳಗೆ ಭದ್ರ ಮಾಡಿದೆ. ಪೂಜೆ ಮಾಡಿದೆನೇ ಹೊರತು ಓದಲಿಲ್ಲ. ನಮ್ಮ ಮನೆಯಲ್ಲಿ ಹೊಲಿಗೆ ಯಂತ್ರದ ಕಾಗದಕ್ಕೂ ರೇಡಿಯೋದ ಕಾಗದಕ್ಕೂ ಇದೇ ಮರ್ಯಾದೆ ಸಂದಿದೆ.

ನಾನು ಶ್ರೀರಂಗಪಟ್ಟಣದವನು. ಸುತ್ತ ಹೊಳೆ, ಒಳಗೆ ಕಂದಕ, ಮೇಲೆ ಜೋಡಿ ಗೋಡೆ ಇದ್ದ ಕೋಟೆಯೇ ಬಿದ್ದುಹೋದ ಊರಿನಲ್ಲಿ ಹುಟ್ಟಿ, ಆ ಗೋಡೆಯ ಮೇಲೆಯೇ ಗಾಳಿಪಟ ಹಾರಿಸಿ ಬೆಳೆದವನಿಗೆ ಗ್ಯಾರಂಟಿಯ ವಿಷಯ ಇನ್ನೊಬ್ಬರು ಹೇಳಿಕೊಡಬೇಕಾಗಿರಲಿಲ್ಲ. ಆದರೆ ದಿನಾ ನೋಡುವ ಕೋಟೆ ಯಾರಿಗೂ ಪಾಠ ಹೇಳುವುದಿಲ್ಲ.

ಆ ದಿನಗಳಲ್ಲೇ ನನ್ನ ಹೆಂಡತಿ ನಾಗರತ್ನಳಿಗೆ ಶಾಲಾ ಶಿಕ್ಷಕಿಯ ಕೆಲಸದ ಆರ್ಡರು ಬಂತು. ಒಂಬತ್ತು ವರ್ಷ ಕಾದಿದ್ದಳು. ವಯೋಮಿತಿ ಇನ್ನೇನು ಮುಗಿಯುವುದರಲ್ಲಿತ್ತು. ದೇವಲಾಪುರದ ಕಡೆಯ ಒಂದು ಹಳ್ಳಿಯ ಶಾಲೆ. ಸೇರಲು ಕೊನೆಯ ದಿನ ಶನಿವಾರ. ಗುರುವಾರವೇ ಬಸ್ಸಿನಲ್ಲಿ ಹೋಗಿ ಸಹಿ ಹಾಕಿ ಬರುತ್ತೇನೆ ಎಂದಳು. ಕಾರಿದ್ದೂ ಬಸ್ಸೇ ಎಂದು ನಾನು ಹಠ ಹಿಡಿದೆ. ನನಗೆ ರಜೆ ಸಿಕ್ಕಿದ್ದು ಶನಿವಾರಕ್ಕೆ. ಅವತ್ತು ಬೆಳಗಿನ ಶಾಲೆ. ಹನ್ನೊಂದೂವರೆಗೆ ಗಂಟೆ ಹೊಡೆದರೆ ಹೆಡ್ ಮೇಷ್ಟ್ರು ಸೈಕಲ್ ಹತ್ತಿ ಹೊರಟುಬಿಡುತ್ತಾರೆ ಎಂದು ಗೊತ್ತಿದ್ದೂ ಹೊರಟೆವು.

ನಾಗಮಂಗಲ ದಾಟಿ ನಾಲ್ಕಾರು ಮೈಲಿ ಹೋಗಿದ್ದೆವೋ ಇಲ್ಲವೋ, ಕಾರು ಎರಡು ಸಲ ಬಿಕ್ಕಿ ನಿಂತುಬಿಟ್ಟಿತು. ಗಂಟೆ ಹತ್ತೂಕಾಲು. ಮುಂದಿನ ಬಸ್ಸು ಹನ್ನೆರಡಕ್ಕೆ. ಪುಣ್ಯಕ್ಕೆ ರಸ್ತೆಯ ಪಕ್ಕದಲ್ಲೇ ಒಂದು ಕುಲುಮೆ. ಅಲ್ಲಿನ ಆಚಾರಿ ಕುಡುಗೋಲು ತಟ್ಟುವುದರ ಜೊತೆಗೆ ಪಂಪ್‌ಸೆಟ್ಟು, ಟ್ರಾಕ್ಟರುಗಳನ್ನೂ ರಿಪೇರಿ ಮಾಡುತ್ತಿದ್ದ. ಬಂದು ಬಾನೆಟ್ ಎತ್ತಿಸಿ, ಕಿವಿಗೊಟ್ಟು ಕೇಳಿ, ಕಾರ್ಬೊರೇಟರಿನಲ್ಲಿ ಕಸ ಕಟ್ಟಿದೆ, ಬಿಚ್ಚಿ ಊದಿದರೆ ಸರಿಹೋಗುತ್ತದೆ ಎಂದ. ಅಷ್ಟರಲ್ಲಿ ತಂತಿಯ ಮೇಲೆ ಕಣ್ಣು ಬಿತ್ತು. ಚಾಚಿದ್ದ ಕೈ ಹಿಂದಕ್ಕೆ ಎಳೆದುಕೊಂಡ.

"ಸೀಲ್ ಹಾಕವ್ರಲ್ಲ ಸಾ. ಮೀಟರಿಂದು ಇದ್ದಂಗೈತೆ. ನಾ ಮುಟ್ಟಾಕಿಲ್ಲ."

ಹಿಂದೆ ಯಾರದೋ ತೋಟದ ಮೀಟರು ಮುಟ್ಟಿ ಪೇಚಾಡಿದ್ದನಂತೆ. ನಾನು ಡಬ್ಬಿಯಿಂದ ಕಾರ್ಡು ತೆಗೆದು ಮೊದಲ ಬಾರಿಗೆ ಓದಿದೆ. ಎಂಜಿನ್ನಿನ ಕಬ್ಬಿಣಕ್ಕೆ ಗ್ಯಾರಂಟಿ ಇತ್ತು, ಬಾಗಿಲಿಗೆ ಇತ್ತು, ಸ್ಟೀರಿಂಗ್ ಚಕ್ರಕ್ಕೂ ಇತ್ತು. ಒಟ್ಟಿನಲ್ಲಿ ಕೆಡದಿರುವುದಕ್ಕೆಲ್ಲ ಇತ್ತು. ಕೊನೆಯ ಸಾಲುಗಳ ಮೇಲೆ ಕುಂಕುಮ ಒಣಗಿ ಕೂತಿತ್ತು. ಉಗುರಿನಿಂದ ಕೆರೆದು ನೋಡಿದರೆ, ಮುದ್ರೆ ಒಡೆದಲ್ಲಿ ಗ್ಯಾರಂಟಿ ರದ್ದು. ಕೆಟ್ಟ ವಾಹನವನ್ನು ಮಾಲೀಕರೇ ಮೈಸೂರಿಗೆ ತಲುಪಿಸತಕ್ಕದ್ದು.

ಹೇಳಲು ನಾಚಿಕೆಯಾಗುತ್ತದೆ, ಆ ಹೊತ್ತಿನಲ್ಲೂ ನಾನು ಸೀಲಿನ ಪಕ್ಷ ವಹಿಸಿದೆ. ನಾಗಮಂಗಲಕ್ಕೆ ವಾಪಸು ಹೋಗಿ, ಎಸ್.ಟಿ.ಡಿ. ಬೂತಿನಿಂದ ಗ್ಯಾರೇಜಿಗೆ ಫೋನ್ ಮಾಡಿ, ಒಂದು ಮಾತು ಅಪ್ಪಣೆ ಕೇಳಿ ಬರುತ್ತೇನೆ ಎಂದೆ. ನಾಗರತ್ನ ಆಚಾರಿಯ ಪೆಟ್ಟಿಗೆಯಿಂದ ಕಟಿಂಗ್ ಪ್ಲೇರು ಎತ್ತಿಕೊಂಡಳು. ಹೊಸ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎಂಜಿನ್ನಿನ ಮೇಲೆ ಬಗ್ಗಿದಳು.

"ನನ್ನ ಆರ್ಡರಿನ ಮೇಲೂ ಸೀಲ್ ಅದೆ ಕಣ್ರೀ," ಎಂದಳು. "ಅದು ಹನ್ನೊಂದೂವರೆಗೆ ಮುಗೀತದೆ."

ಟಕ್ ಎಂದಿತು. ಸೀಸದ ಬಿಲ್ಲೆ ನನ್ನ ಚಪ್ಪಲಿಯ ಪಕ್ಕ ಬಂದು ಬಿತ್ತು. ನನ್ನ ಜೀವವೇ ಬಿದ್ದಂತಾಯಿತು, ನಿಜ. ಆದರೆ ಮರುಗಳಿಗೆಯೇ ಇಷ್ಟೇನಾ ಅನ್ನಿಸಿ ನಗುವೂ ಬಂತು. ಆಚಾರಿ ಬಿಚ್ಚಿದ, ಬಾಯಿಟ್ಟು ಊದಿದ, ಪೆಟ್ರೋಲು ಉಗಿದ, ಮತ್ತೆ ಊದಿದ. ಕಾರು ಶುರುವಾಯಿತು. ಗಂಟೆ ಹೊಡೆಯಲು ಏಳು ನಿಮಿಷ ಇದ್ದಾಗ ನಾಗರತ್ನ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದಳು. ಅವಳ ಕೈಗೆ ಮೆತ್ತಿದ್ದ ಗ್ರೀಸು ಆ ಪುಟಕ್ಕೂ ಹತ್ತಿತು. ನನಗೆ ಕಣ್ಣು ತುಂಬಿ ಬಂದು, ಕಿಟಕಿಯ ಆಚೆ ನೋಡುತ್ತ ನಿಂತೆ.

ಹಿಂದಿರುಗುವಾಗ ಕುಲುಮೆಯ ಮುಂದೆ ನಿಲ್ಲಿಸಿದೆ. ಹುಟ್ಟುಗುಣ ಬಿಡಬೇಕಲ್ಲ! ನಿನ್ನ ರಿಪೇರಿಗೆ ಗ್ಯಾರಂಟಿ ಏನಪ್ಪ ಎಂದು ಕೇಳಿಬಿಟ್ಟೆ. ಆಚಾರಿ ನನ್ನನ್ನು ಬಿಟ್ಟು ನಾಗರತ್ನಳ ಕಡೆ ನೋಡಿದ.

"ಟೀಚರಮ್ಮ ಇನ್ಮೇಕೆ ದಿನಾ ಇದೇ ದಾರೀಲಿ ಓಗ್ತಾರಲ್ವಾ ಸಾ? ನಾನೂ ಇಲ್ಲೇ ಕುಂತಿರ್ತೀನಿ. ಇನ್ನೆಲ್ಲಿಗ್ ಓಗಾನ?"

ಇದಕ್ಕಿಂತ ಗಟ್ಟಿಯಾದ ಷರತ್ತನ್ನು ನಮ್ಮ ಇಲಾಖೆಯ ಯಾವ ಕರಾರು ಪತ್ರದಲ್ಲೂ ನಾನು ಕಂಡಿಲ್ಲ. ದಿನಾ ಮುಖ ನೋಡಬೇಕಾದವನು ಕೆಲಸ ಕೆಡಿಸುವುದು ಕಷ್ಟ. ಅತ್ತ ಮೈಸೂರಿನ ಗ್ಯಾರೇಜು ಕಾರ್ಡಿನ ವರ್ಷ ತುಂಬುವ ಮೊದಲೇ ಬಾಗಿಲು ಹಾಕಿತು. ಕಾರು ಮಾತ್ರ ಆಚಾರಿಯ ಊದುವಿಕೆಯಲ್ಲಿ ಇನ್ನೂ ಆರು ವರ್ಷ ಓಡಿತು. ಹಾಗೆಂದು ಕಾರ್ಡು ದಂಡ ಎನ್ನಲಾರೆ. ಅದಿದ್ದಷ್ಟು ದಿನ ನಾನು ಹಾಯಾಗಿ ನಿದ್ದೆ ಮಾಡಿದ್ದೇನೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕಳೆದ ಹಬ್ಬಕ್ಕೆ ಷಡ್ಡಕ ಬಂದಿದ್ದ. ಅಂದು ಹೊಟ್ಟೆ ಹಿಡಿದು ನಕ್ಕಿದ್ದವನು ಈಗ ತಾನೇ ಒಂದು ಹಳೆಯ ಕಾರಿಗೆ ಮುಂಗಡ ಕೊಟ್ಟು, ಅದಕ್ಕೊಂದು ಗ್ಯಾರಂಟಿ ತೆಗೆದುಕೊಳ್ಳುವುದೋ ಬೇಡವೋ ಎಂದು ನನ್ನನ್ನು ಕೇಳಿದ. ನಾನು ಗಂಟಲು ಸರಿಮಾಡಿಕೊಂಡು, ಎರಡೂ ಕಡೆಯ ವಾದ ಹೂಡಿ, ವಿವರವಾಗಿ ಉತ್ತರ ಕೊಡಲು ಸಿದ್ಧನಾಗುತ್ತಿದ್ದೆ. ಒಬ್ಬಟ್ಟು ಬಡಿಸುತ್ತಿದ್ದ ನಾಗರತ್ನ ತಲೆ ಎತ್ತದೆ ಹೇಳಿದಳು:

"ತಕೊಳಿ ಭಾವ, ಒಳ್ಳೇದೇ. ಜೊತೇಲಿ ಒಂದು ಕಟಿಂಗ್ ಪ್ಲೇರೂ ಇಟ್ಕೊಳಿ."