ಕಾಂತಿಯಕ್ಕ ಕೊಂಡ ಹೆಸರು

ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಎದುರು, ಬಟ್ಟೆ ಅಂಗಡಿಯ ಮಾಳಿಗೆಯಲ್ಲಿ ಕಾಂತಿಯದ್ದೊಂದು ಸಣ್ಣ ಕೋಣೆ. ಬಾಗಿಲ ಮೇಲೆ 'ಕಾಂತಿ ಕಲ್ಯಾಣ' ಎಂದು ಬೋರ್ಡು. ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಮದುವೆಗೆ ಬಂದ ಮಕ್ಕಳು ಯಾವ ಮನೆಯಲ್ಲಿ ಇದ್ದಾರೆ ಎಂಬುದು ಅವಳಿಗೆ ಬಾಯಿಪಾಠ.

ಅವಳು ವಿಚಾರಿಸುವ ಕ್ರಮವೇ ಬೇರೆ. ಗಂಡಿನ ಕಡೆಯವರು ಎಷ್ಟು ದೊಡ್ಡವರಾದರೂ ಮೊದಲು ಅವರ ಮನೆಗೆ ಹೋಗುವವಳಲ್ಲ, ಪಕ್ಕದ ಮನೆಗೆ ಹೋಗುವವಳು. ಅವರು ಕೊಟ್ಟ ಬೆಲ್ಲ ಬಾಯಿಗೆ ಹಾಕಿ, ನೀರು ಕುಡಿದು, ಬಿಸಿಲಿನ ಸುದ್ದಿ ತೆಗೆದು, ಮೆಲ್ಲಗೆ ಬದಿಯ ಮನೆಯ ಕಡೆಗೆ ಮಾತು ತಿರುಗಿಸುವುದು. ತಾಯಿ ಕಡೆಯಿಂದ ಬಂದ ಕುಲ, ಅಂದರೆ ಬರಿ, ಯಾವುದು, ಹುಡುಗನಿಗೆ ಕುಡಿತ ಉಂಟಾ, ಅತ್ತೆಯ ಬಾಯಿ ಹೇಗೆ, ಎಲ್ಲವೂ ಆ ಜಗಲಿಯಲ್ಲೇ ಹೊರಗೆ ಬೀಳುತ್ತಿತ್ತು. ಅದೆಲ್ಲ ಆದ ಮೇಲೆಯೇ ಹುಡುಗಿಯ ಫೋಟೋ ಅವಳ ಚೀಲದಿಂದ ಹೊರಗೆ ಬರುವುದು. ಹೆಣ್ಣು ಹೆತ್ತವರಿಗೆ ಅವಳು ಕೊಡುತ್ತಿದ್ದದ್ದು ಒಂದೇ ಮಾತು: "ನಿಮ್ಮ ಮಗಳ ಫೋಟೋ ನನಗೆ ಗೊತ್ತಿಲ್ಲದ ಕೈಗೆ ಹೋಗುವುದಿಲ್ಲ." ಆ ಮಾತಿನ ಮೇಲೆಯೇ ಅವಳ ಬೋರ್ಡು ನಿಂತಿತ್ತು.

ಎರಡು ಸಾವಿರದ ಐದರ ಹೊತ್ತಿಗೆ ಕಾಲ ಬದಲಾಯಿತು. ಮಸ್ಕತ್ತಿನ, ದುಬೈಯ ಗಂಡುಗಳು ಅಂಚೆಯಲ್ಲಿ ಫೋಟೋ ಬರುವುದಕ್ಕೆ ಕಾಯದಾದರು. ಅದೇ ರಸ್ತೆಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ ಜಿತೇಶ್ ಒಂದು ದಿನ ಮೇಲೆ ಹತ್ತಿ ಬಂದ.

"ಕಾಂತಿಯಕ್ಕ, ನಿಮಗೊಂದು ವೆಬ್‌ಸೈಟ್ ಮಾಡುವ."

"ಅದರಲ್ಲಿ ನಮ್ಮ ಹುಡುಗಿಯರನ್ನು ಕಂಡಕಂಡವರು ನೋಡುವುದಾ? ಬೇಡ ಮಾರಾಯ."

"ಇಲ್ಲ, ಬೀಗ ಉಂಟು. ನೀವು ಪಾಸ್‌ವರ್ಡ್ ಹೇಳಿದವರಿಗೆ ಮಾತ್ರ ತೆರೆಯುತ್ತದೆ."

ಕಾಂತಿ ಒಪ್ಪಿದಳು. ಆದರೆ ಜಿತೇಶ್ ಕಂಪ್ಯೂಟರಿನಲ್ಲಿ ಕಾಂತಿಕಲ್ಯಾಣ ಡಾಟ್ ಕಾಮ್ ಎಂದು ಹೊಡೆದು ನೋಡಿದರೆ ಆ ಹೆಸರನ್ನು ಯಾರೋ ಆಗಲೇ ತೆಗೆದಿಟ್ಟಿದ್ದರು. ಖಾಲಿ ಪುಟ, ಅದರ ನಡುವೆ 'ಈ ಹೆಸರು ಮಾರಾಟಕ್ಕಿದೆ' ಎಂಬ ಸಾಲು, ಬಂಟ್ವಾಳದ ಒಂದು ಫೋನ್ ನಂಬರು.

"ನನ್ನಪ್ಪ ಇಟ್ಟ ಹೆಸರನ್ನು ನನಗೆ ಮಾರುವುದಕ್ಕೆ ಇವ ಯಾರು?"

"ಮೊದಲು ಬರೆಸಿಕೊಂಡವರದ್ದು, ಅಕ್ಕ. ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ."

"ಟವೆಲ್ ತೆಗೆದು ಬಿಸಾಡಿ ಕೂತುಕೊಳ್ಳುವವಳು ನಾನು, ಗೊತ್ತುಂಟಾ ನಿನಗೆ?"

ಆದರೆ ಈ ಟವೆಲನ್ನು ಬಿಸಾಡುವ ದಾರಿ ಸುಲಭ ಇರಲಿಲ್ಲ. ಹಾಕಿದವನು ಬಂಟ್ವಾಳ ಬಿ.ಸಿ. ರೋಡಿನ ಸುಕೇಶ. ಊರಿನ ಬೇಕರಿ, ಮದುವೆ ಹಾಲ್, ಹೋಟೆಲು, ಯಾವ ಬೋರ್ಡು ಕಂಡರೂ ಆ ಹೆಸರನ್ನು ಇಂಟರ್ನೆಟ್ಟಿನಲ್ಲಿ ತನ್ನದಾಗಿ ಬರೆಸಿಟ್ಟು, ಬೋರ್ಡಿನ ಯಜಮಾನ ಹುಡುಕಿಕೊಂಡು ಬರುವವರೆಗೆ ಕಾಯುವುದೇ ಅವನ ಕಸುಬು.

ಕೊಳ್ಳುವ ಮೊದಲು ಕಾಂತಿ ತನ್ನ ಕ್ರಮದ ಹಾಗೆಯೇ ವಿಚಾರಿಸಿದಳು. ಸುಕೇಶನ ಪಕ್ಕದ ಮನೆಯಲ್ಲಿ ಬೆಲ್ಲ ನೀರು ಕುಡಿದಳು. ಹುಡುಗನಿಗೆ ಕುಡಿತ ಇಲ್ಲ, ತಾಯಿ ಒಳ್ಳೆಯ ಹೆಂಗಸು, ಸೋದರಮಾವ ಊರಿನ ನ್ಯಾಯ ಪಂಚಾತಿಕೆಗೆ ಕೂರುವ ಮನುಷ್ಯ. ಹೆಚ್ಚಿಗೆ ಕೇಳಿದರೆ ತಾಯಿಯ ಬರಿ ಕಾಂತಿಯದ್ದೇ ಬರಿ! ಮದುವೆ ಸಂಬಂಧ ಮಾಡಲಾಗದಷ್ಟು ಹತ್ತಿರದವರು.

"ಅಯ್ಯೋ ಚಿಕ್ಕಮ್ಮ, ಮೊದಲೇ ಹೇಳಬಾರದಾ?" ಎಂದು ಸುಕೇಶ, ಅವಳು ಮನೆಗೆ ಬಂದು ಬರಿಯ ಸಂಬಂಧ ಹೇಳಿದ ಕೂಡಲೇ, ಕುರ್ಚಿ ಒರೆಸಿ ಕೊಟ್ಟ. ಕ್ರಯ ತಾನಾಗಿಯೇ ಇಳಿಸಿದ. ತಾಯಿ ಒಳಗಿನಿಂದ ನೀರುದೋಸೆ ತಂದಿಟ್ಟಳು.

ಒಟ್ಟಿಗೆ ಬಂದಿದ್ದ ಜಿತೇಶ್ ದೋಸೆ ಮುಟ್ಟಲಿಲ್ಲ. "ಹೆಸರು ಕಾಂತಿಯಕ್ಕನ ಖಾತೆಗೆ ಬರಲಿ. ಅವರ ಈಮೇಲ್ ಹಾಕುವ. ಯಜಮಾನರು ಇವರು ಅಂತ ಕಂಪ್ಯೂಟರಿನಲ್ಲಿ ಕಂಡ ಮೇಲೆ ದುಡ್ಡು."

"ಚಿಕ್ಕಮ್ಮನಿಗೆ ಈಮೇಲ್ ಉಂಟಾ?" ಸುಕೇಶ ನಕ್ಕ. "ವರ್ಷ ವರ್ಷ ಫೀಸು ಕಟ್ಟಬೇಕು, ತಪ್ಪಿದರೆ ಹೆಸರು ಹೋಯಿತು. ಆ ತಲೆಬಿಸಿ ಎಲ್ಲ ನಿಮಗೆ ಯಾಕೆ? ನನ್ನ ಹೆಸರಿನಲ್ಲೇ ಇರಲಿ, ಪುಟವೂ ನನ್ನ ಖಾತೆಯಲ್ಲೇ ಇರಲಿ. ಪಾಸ್‌ವರ್ಡ್ ನಿಮ್ಮ ಕೈಯಲ್ಲಿ ಇರುತ್ತದೆ. ಮನೆಯವರೇ ಅಲ್ವಾ ನಾವು?"

ಕಾಂತಿಗೆ ಅದರಲ್ಲಿ ಕೊಂಕು ಕಾಣಲಿಲ್ಲ. ಅವಳ ತಾಯಿಮನೆಯ ಗದ್ದೆ, ತೋಟ ಎಲ್ಲ ದೊಡ್ಡಮಾವನ ಹೆಸರಿನಲ್ಲಿತ್ತು. ಅಜ್ಜಿಯಿಂದ ಹಿಡಿದು ತೊಟ್ಟಿಲ ಮಗುವಿನವರೆಗೆ ಎಲ್ಲರೂ ಅದರಲ್ಲೇ ಉಂಡರು, ಯಾರನ್ನೂ ಮಾವ ಹೊರಗೆ ಹಾಕಲಿಲ್ಲ. ಒಂದು ಬರಿಯವರಲ್ಲಿ ಆಸ್ತಿ ಯಾರ ಹೆಸರಿನಲ್ಲಿದ್ದರೇನು? ಹಾಗೆಂದು ಅವಳು ಆಗಲೇ ದುಡ್ಡು ಕೊಟ್ಟುಬಿಟ್ಟಳು. ಕಾಗದ ಕೇಳಲಿಲ್ಲ. ಸಂಬಂಧಿಕರ ಹತ್ತಿರ ಕಾಗದ ಕೇಳುವುದು ಮರ್ಯಾದೆ ಅಲ್ಲ.

ಬಸ್ಸಿನಲ್ಲಿ ಜಿತೇಶ್ ತಡೆಯಲಾರದೆ ಹೇಳಿದ, "ನೀವು ಅವನ ಮನೆ ವಿಚಾರಿಸಿದಿರಿ ಅಕ್ಕ. ಹೆಸರನ್ನು ವಿಚಾರಿಸಲಿಲ್ಲ."

"ನೀನು ಕಂಪ್ಯೂಟರ್ ನೋಡಿಕೋ. ಮನುಷ್ಯರನ್ನು ನಾನು ನೋಡಿಕೊಳ್ತೇನೆ."

ಒಂದು ಮಳೆಗಾಲ ಕಳೆದು ಇನ್ನೊಂದು ಬರುವವರೆಗೆ ಎಲ್ಲ ಚೆನ್ನಾಗಿಯೇ ನಡೆಯಿತು. ಜಿತೇಶ್ ಫೋಟೋ ಏರಿಸುವುದು, ವಿಚಾರಿಸಿ ಒಪ್ಪಿಗೆಯಾದವರಿಗೆ ಕಾಂತಿ ಫೋನಿನಲ್ಲಿ ಪಾಸ್‌ವರ್ಡ್ ಹೇಳುವುದು. ಮಸ್ಕತ್ತಿನ ಎರಡು ಸಂಬಂಧ ಕೂಡಿಯೂ ಬಂದವು.

ಆಮೇಲೆ ಒಂದು ಬೆಳಿಗ್ಗೆ ನಾರಾವಿಯ ಧರ್ಣಪ್ಪ ಮೆಟ್ಟಿಲು ಹತ್ತಿ ಬಂದರು. ಅವರ ಮಗಳು ಸಾತ್ವಿಕಾ ಉಜಿರೆಯಲ್ಲಿ ಓದುತ್ತಿದ್ದವಳು. ಧರ್ಣಪ್ಪ ಕೂರಲಿಲ್ಲ.

"ಕಾಂತಿಯಕ್ಕ, ನಿಮ್ಮನ್ನು ನಂಬಿ ಫೋಟೋ ಕೊಟ್ಟದ್ದಲ್ವಾ ನಾವು?"

"ಎಂತ ಆಯ್ತು?"

"ಯಾರ್ಯಾರೋ ಮನೆಗೆ ಫೋನ್ ಮಾಡ್ತಾರೆ. ನೀಲಿ ಸೀರೆಯ ಹುಡುಗಿಯನ್ನು ಕರೆಯಿರಿ ಅಂತಾರೆ. ಅವಳ ಅಮ್ಮ ಈಗ ಫೋನ್ ಎತ್ತುವುದನ್ನೇ ಬಿಟ್ಟಿದ್ದಾಳೆ."

ಕಾಂತಿ ಚಪ್ಪಲಿ ಹಾಕದೆ ಜಿತೇಶನ ಕಂಪ್ಯೂಟರ್ ಕ್ಲಾಸಿಗೆ ಇಳಿದಳು. ಅವನು ಪುಟ ತೆರೆದ. ಬೀಗ ಇರಲಿಲ್ಲ. ಮೇಲೆ ಅದೇ ಕಾಂತಿ ಕಲ್ಯಾಣ, ಕೆಳಗೆ ಅವಳು ಕೇಳಿರದ ಯಾವುದೋ ಪೇಟೆಯ ಮದುವೆ ಬ್ಯೂರೋದ ನಂಬರು. ನಡುವೆ ಸಾಲಾಗಿ ಅವಳ ಹುಡುಗಿಯರು, ಯಾರು ಬೇಕಾದರೂ ನೋಡುವ ಹಾಗೆ, ಮನೆಯ ಫೋನ್ ನಂಬರಿನ ಸಮೇತ. ನೀಲಿ ಸೀರೆಯ ಸಾತ್ವಿಕಾ ಎಲ್ಲರಿಗಿಂತ ಮೇಲೆ.

"ಅಳಿಸು ಜಿತೇಶ. ಈಗಲೇ ಅಳಿಸು."

"ಆಗುವುದಿಲ್ಲ ಅಕ್ಕ. ನಮ್ಮ ಪಾಸ್‌ವರ್ಡ್ ತೆಗೆದುಕೊಳ್ಳುವುದಿಲ್ಲ. ಯಜಮಾನ ಯಾರು ಅಂತ ನೋಡಿದೆ, ಈಗ ಆ ಬ್ಯೂರೋದವರು. ಅದಕ್ಕೆ ಮೊದಲು ಸುಕೇಶ. ನೀವು ಇದರಲ್ಲಿ ಎಲ್ಲಿಯೂ ಇಲ್ಲ."

ಕಾಂತಿ ಅದೇ ಬರಿಗಾಲಿನಲ್ಲಿ ಬಂಟ್ವಾಳದ ಬಸ್ಸು ಹತ್ತಿದಳು.

ಸುಕೇಶ ಈ ಸಲ ಕುರ್ಚಿ ಒರೆಸಲಿಲ್ಲ. "ನನ್ನ ಹೆಸರಿನಲ್ಲಿ ಇದ್ದದ್ದು ಅಲ್ವಾ ಚಿಕ್ಕಮ್ಮ? ದೊಡ್ಡ ಗಿರಾಕಿ ಬಂದ, ಕೊಟ್ಟೆ."

"ನಾನು ದುಡ್ಡು ಕೊಟ್ಟದ್ದು ಎಂತದ್ದಕ್ಕೆ?"

"ಇಷ್ಟು ಸಮಯ ಇಟ್ಟುಕೊಂಡಿರಲ್ಲ, ಬಾಡಿಗೆ ಅಂತ ತಿಳಿದುಕೊಳ್ಳಿ."

"ಹುಡುಗಿಯರ ಫೋಟೋ?"

"ಅಂಗಡಿ ಮಾರುವಾಗ ಕಪಾಟು ಬಿಚ್ಚಿಕೊಂಡು ಹೋಗ್ತಾರಾ ಯಾರಾದರೂ?"

ಕಾಂತಿ ಸುಕೇಶನ ಸೋದರಮಾವನ ಹತ್ತಿರ ಹೋದಳು. ಎಷ್ಟೋ ಮನೆಗಳ ಪಾಲು ಹಂಚಿಕೊಟ್ಟ ಆ ಹಿರಿಯರು ಪೂರ್ತಿ ಕೇಳಿ, ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು, "ಗದ್ದೆಯಾದರೆ ಗಡಿ ತೋರಿಸಬಹುದಿತ್ತು ಮಗಾ. ನೀನು ಹೇಳುವ ಜಾಗ ನನಗೆ ಕಣ್ಣಿಗೆ ಕಾಣುವುದಿಲ್ಲ. ನಾನು ಎಲ್ಲಿ ನಿಂತು ನ್ಯಾಯ ಹೇಳುವುದು?" ಠಾಣೆಯಲ್ಲಿ ಕೂತ ಪೊಲೀಸಿನವನು ಕೆಟ್ಟವನಲ್ಲ, ಕೂರಿಸಿ ಚಹಾ ತರಿಸಿದ. ಆದರೆ ಅವನದ್ದೂ ಒಂದೇ ಪ್ರಶ್ನೆ, "ಕಾಗದ ಏನಾದರೂ ಉಂಟಾ ಅಮ್ಮ?" ಇವಳ ಹತ್ತಿರ ಇದ್ದದ್ದು ನೀರುದೋಸೆಯ ನೆನಪು ಮಾತ್ರ.

ಬ್ಯೂರೋಗೆ ಫೋನ್ ಮಾಡಿದರೆ ಒಬ್ಬಳು ಹುಡುಗಿ ಇಂಪಾಗಿ "ಸರ್ ಇಲ್ಲ" ಎನ್ನುತ್ತಿದ್ದಳು. ಮರುದಿನ ಮಾಡಿದರೂ ಇಲ್ಲ, ಅದರ ಮರುದಿನವೂ ಇಲ್ಲ. ಕಡೆಗೆ ಕಾಂತಿ ಬೈಯುವುದು ಬಿಟ್ಟು, "ನಿನಗೂ ಒಂದು ದಿನ ಗಂಡು ನೋಡ್ತಾರೆ ಅಲ್ವಾ ಮಗಾ, ನಿನ್ನ ಫೋಟೋ ಹೀಗೆ ಹಾಕಿದರೆ?" ಎಂದಳು. ಆ ವಾರವೇ ಪುಟದಿಂದ ಫೋಟೋಗಳು ಹೋದವು. ಹೆಸರು ಮಾತ್ರ ಅಲ್ಲೇ ಉಳಿಯಿತು. ಅಷ್ಟರಲ್ಲಿ ಯಾರು ಯಾರು ನೋಡಿದರು, ಯಾರು ತಮ್ಮಲ್ಲಿ ತೆಗೆದಿಟ್ಟುಕೊಂಡರು, ಯಾರನ್ನು ಕೇಳುವುದು?

ಗಂಡ ರಮಾನಾಥ ಮುಂಬಯಿಯ ಹೋಟೆಲುಗಳಲ್ಲಿ ದುಡಿದು ಬಂದವರು, ಬಾಯಿ ಸ್ವಲ್ಪ ಹರಿತ. "ಊರ ಗಂಡುಗಳನ್ನೆಲ್ಲ ಜರಡಿ ಹಿಡಿದವಳು ನೀನು. ಇವನೊಬ್ಬ ಹೇಗೆ ಜಾರಿದ?"

"ಜಾರಲಿಲ್ಲ. ಜರಡಿಯೇ ಬೇರೆ ಬೇಕಿತ್ತು," ಎಂದು ಕಾಂತಿ ಪಾತ್ರೆಯನ್ನು ದಡಾರನೆ ಇಟ್ಟಳು.

ಅವಳನ್ನು ಎಲ್ಲಕ್ಕಿಂತ ಹೆಚ್ಚು ಕೊರೆದ ಸಂಗತಿ ಒಂದಿತ್ತು. ಬೇರೆಯವರ ಮದುವೆಯಲ್ಲಿ ಎರಡು ಕಡೆಯ ನಡುವೆ ನಿಲ್ಲುವವಳು ಅವಳೇ. ಈ ಕಡೆಯ ಮಾತು ನೆರವೇರುವವರೆಗೆ ಆ ಕಡೆಯ ವಸ್ತು ಅವಳ ಕೈಯಲ್ಲಿ ಇರುತ್ತಿತ್ತು. ಹೆಸರು ಕೊಳ್ಳುವಾಗಲೂ ಹಾಗೆ ನಡುವೆ ನಿಂತು, ಹೆಸರು ಕೈಗೆ ಬಂದ ಮೇಲೆಯೇ ದುಡ್ಡು ಬಿಡುವವರು ಇದ್ದಾರೆ ಎಂದು ಜಿತೇಶ್ ಈಗ ಹೇಳಿದ.

"ಆಗಲೇ ಬಾಯಿ ಬಿಡಬಾರದಿತ್ತಾ ಮಾರಾಯ?"

"ಬಿಟ್ಟೆ ಅಕ್ಕ, ಹೆಸರು ಬಂದ ಮೇಲೆ ದುಡ್ಡು ಅಂತ. ನೀವು ಮನುಷ್ಯರನ್ನು ನೋಡಿಕೊಳ್ತೇನೆ ಅಂದಿರಿ."

ಇನ್ನೊಂದು ಹೆಸರು ತೆಗೆಯಲು ಅವಳು ಜಿತೇಶನ ಕಂಪ್ಯೂಟರಿನ ಎದುರು ಕೂತಳು. ಈ ಸಲ ಯಾರ ಜಗಲಿಗೂ ಹೋಗಲಿಲ್ಲ. ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ತನ್ನದೇ ಈಮೇಲ್ ಮಾಡಿಕೊಂಡಳು. ಪಾಸ್‌ವರ್ಡ್ ಹೊಡೆಯುವಾಗ ಜಿತೇಶನಿಗೆ ಗೋಡೆ ನೋಡಲು ಹೇಳಿದಳು. ಯಜಮಾನರ ಸಾಲಿನಲ್ಲಿ ತನ್ನ ಹೆಸರು ಕಂಡ ಮೇಲೂ, "ಇನ್ನೊಮ್ಮೆ ತೆರೆ," ಎಂದಳು. ಅವನು ಇನ್ನೊಮ್ಮೆ ತೆರೆದ.

ಆಮೇಲೆ ಅವಳು ನಾರಾವಿಗೆ ಹೋದಳು. ಧರ್ಣಪ್ಪನ ಜಗಲಿಯಲ್ಲಿ ಸಾತ್ವಿಕಾಳ ಫೋಟೋ, ಜಾತಕ ಎರಡನ್ನೂ ಇಟ್ಟಳು. ಬೆಲ್ಲ ನೀರು ಬಂತು. ಆದರೆ ಯಾರೂ ಎದುರು ಕೂರಲಿಲ್ಲ.

"ಕಾಂತಿ ಕಲ್ಯಾಣದಿಂದ ಅಂತ ನಿನ್ನೆಯೂ ಒಬ್ಬ ಫೋನ್ ಮಾಡಿದ," ಎಂದರು ಧರ್ಣಪ್ಪ. "ಯಾವುದು ನೀವು, ಯಾವುದು ನೀವಲ್ಲ ಅಂತ ನಮಗೆ ಹೇಗೆ ಗೊತ್ತಾಗುವುದು?"

"ಫೋನಿನಲ್ಲಿ ಬಂದದ್ದು ನಾನಲ್ಲ. ನಡೆದು ಬಂದರೆ ಮಾತ್ರ ನಾನು."

ಧರ್ಣಪ್ಪ ಫೋಟೋ ತೆಗೆದುಕೊಂಡು ಒಳಗೆ ಹೋದರು. ಬಾಗಿಲ ಸಂದಿಯಲ್ಲಿ ನಿಂತಿದ್ದ ಸಾತ್ವಿಕಾ ಇವಳನ್ನೊಮ್ಮೆ ನೋಡಿ, ಅಪ್ಪನ ಹಿಂದೆಯೇ ಹೋದಳು.

ಕಾಂತಿ ಕುಡಿದ ಲೋಟವನ್ನು ತಾನೇ ತೊಳೆದು ಕವುಚಿಟ್ಟು ಎದ್ದಳು. ಚೀಲದಲ್ಲಿ ಇನ್ನೂ ಉಳಿದ ಹುಡುಗಿಯರ ಫೋಟೋಗಳಿದ್ದವು. ಒಂದೊಂದು ಮನೆಗೂ ಹೀಗೆಯೇ ಹೋಗಿ ಕೊಡಬೇಕು, ಒಂದೊಂದು ಜಗಲಿಯಲ್ಲೂ ಇದೇ ಪ್ರಶ್ನೆ ಕೇಳಿಸಿಕೊಳ್ಳಬೇಕು. ರಸ್ತೆಗೆ ಬಂದು ಬೆಳ್ತಂಗಡಿ ಬಸ್ಸಿಗೆ ಕೈ ಅಡ್ಡ ಹಿಡಿದಳು.

"ಓ, ಕಾಂತಿ ಕಲ್ಯಾಣದ ಅಕ್ಕ ಅಲ್ವಾ?" ಎಂದ ಕಂಡಕ್ಟರ್, ಜಾಗ ಮಾಡಿಕೊಡುತ್ತಾ.

"ಅಲ್ಲ ಮಾರಾಯ," ಎಂದಳು ಅವಳು. "ಬೆಳ್ತಂಗಡಿಗೆ ಒಂದು ಟಿಕೆಟ್ ಕೊಡು."